ನಾಲ್ಕೆಳೆಯ ಗಂಟಿನ ಮೇಡಂ

ಸಿಟ್ಟು ಬಂದಾಗ ನಮ್ಮ ಮೇಡಂ ಕನ್ನಡಕ್ಕೆ ಇಳಿದುಬಿಡುತ್ತಿದ್ದರು. ದಕ್ಷಿಣ ದೆಹಲಿಯ ಆ ಪ್ರಯೋಗಾಲಯದಲ್ಲಿ ಕನ್ನಡ ಬಲ್ಲವರು ಅವರು ಮತ್ತು ನಾನು, ಇಬ್ಬರೇ. ಹಾಗಾಗಿ ಬೈಗುಳ ಯಾರಿಗೇ ಬಿದ್ದರೂ ಅದರ ಅರ್ಥ ಆಗುತ್ತಿದ್ದದ್ದು ನನಗೊಬ್ಬನಿಗೆ. ಬೈಸಿಕೊಂಡವರು ಮೇಡಂ ಆಚೆ ಹೋಗುವವರೆಗೆ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ನನ್ನ ಹತ್ತಿರ ಬಂದು "ಕ್ಯಾ ಬೋಲೀ?" ಎಂದು ಕೇಳುತ್ತಿದ್ದರು. "ಕತ್ತೆ ಕಾಯೋಕೆ ಹೋಗು" ಎಂಬುದನ್ನು ನಾನು "ಇನ್ನೊಂದು ಸಲ ಮಾಡಿ ನೋಡು ಅಂದರು" ಎಂದು ಹಿಂದಿಗೆ ತರುತ್ತಿದ್ದೆ. ಇದು ಹೇಗೋ ಅವರ ಕಿವಿಗೆ ಬಿತ್ತು. ಒಂದು ದಿನ ಚಹಾ ಕುಡಿಯುತ್ತ, "ನನ್ನ ಬೈಗುಳಕ್ಕೆ ನೀರು ಬೆರೆಸ್ತಿದೀಯಂತಲ್ಲೋ" ಎಂದರು. ನಾನು ತಲೆ ಬಗ್ಗಿಸಿ ಚಹಾ ಊದತೊಡಗಿದೆ. "ಬೆರೆಸು, ಪರವಾಗಿಲ್ಲ. ಹೇಗೂ ನಾನು ಹೇಳೋದೂ ಅದನ್ನೇ ತಾನೆ" ಎಂದು ನಕ್ಕರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾನೀಗ ದೆಹಲಿ ಹತ್ತಿರದ ಮಾನೇಸರಿನಲ್ಲಿ ರಕ್ತಪರೀಕ್ಷೆಯ ಕಿಟ್ ತಯಾರಿಸುವ ಕಂಪನಿಯೊಂದರಲ್ಲಿದ್ದೇನೆ. ಸುದ್ದಿ ಹೇಳಲು ಫೋನ್ ಮಾಡಿದವಳು ಸುನೀತಾ. ನಮ್ಮಿಬ್ಬರದೂ ಅವರ ಕೈಕೆಳಗೇ ಪಿಎಚ್.ಡಿ. ಆದದ್ದು. ಫೋನ್ ಇಟ್ಟ ಮೇಲೆ ನನಗೆ ಮೊದಲು ನೆನಪಾದದ್ದು ಅವರ ವಿಜ್ಞಾನವಲ್ಲ, ಅವರ ಸ್ವೆಟರು. ದೆಹಲಿಯ ಚಳಿಯಲ್ಲಿ ಸೀರೆಯ ಮೇಲೆ ಅವರು ಹಾಕಿಕೊಳ್ಳುತ್ತಿದ್ದದ್ದು ಯಜಮಾನರ ಹಳೆಯ ಕಂದು ಸ್ವೆಟರು. ತೋಳು ಉದ್ದವಾಗಿ ಬೆರಳಿನವರೆಗೆ ಇಳಿಯುತ್ತಿತ್ತು. ಕೆಲಸಕ್ಕೆ ಕೂರುವ ಮುಂಚೆ ಆ ತೋಳನ್ನು ಮೊಣಕೈವರೆಗೆ ಮಡಚುತ್ತಿದ್ದರು. ಹಾಗೆ ಮಡಚಿದರೆ ಇನ್ನು ಯಾರೂ ಮಾತಾಡಿಸಬಾರದು ಎಂದು ಅರ್ಥ.

ಅವರನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ದಶಕದ ನಡುವಿನಲ್ಲಿ, ಆ ಸಂಸ್ಥೆಯ ಸಂದರ್ಶನದ ಕೋಣೆಯಲ್ಲಿ. ದಾವಣಗೆರೆಯಿಂದ ರೈಲಿನಲ್ಲಿ ಬಂದು ಇಳಿದು, ಲಕ್ಷ್ಮೀ ನಗರದಲ್ಲಿ ಪರಿಚಯದವರೊಬ್ಬರ ಬಾಡಿಗೆ ಕೋಣೆಯಲ್ಲಿ ಸ್ನಾನ ಮುಗಿಸಿ ನೇರವಾಗಿ ಹೋಗಿದ್ದೆ. ನಮ್ಮ ಮನೆಮಾತು ದಖನಿ ಉರ್ದು. ಅದನ್ನೇ ಹಿಂದಿ ಎಂದುಕೊಂಡಿದ್ದ ನನಗೆ ದೆಹಲಿಯಲ್ಲಿ ಅದು ಹಾಸ್ಯದ ವಸ್ತು ಎಂದು ಗೊತ್ತಿರಲಿಲ್ಲ. ಸಮಿತಿಯಲ್ಲಿದ್ದ ಒಬ್ಬರು ಚಹಾ ಬೇಕೇ ಎಂದು ಕೇಳಿದರು. ಬೇಡ ಎನ್ನಲು "ನಕ್ಕೋ ಸರ್" ಎಂದೆ. ಇಬ್ಬರು ನಕ್ಕರು. ಮೇಜಿನ ತುದಿಯಲ್ಲಿ ಕೂತಿದ್ದ ಹೆಂಗಸು ಮಾತ್ರ ನಗಲಿಲ್ಲ. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ಅಚ್ಚ ತುಮಕೂರು ಕಡೆಯ ಧಾಟಿಯಲ್ಲಿ ಕೇಳಿದರು:

"ಯಾವೂರಪ್ಪ ನಿಂದು?"

"ದಾವಣಗೆರೆ, ಮೇಡಂ."

"ಹೆಸರು?"

"ಇಮ್ತಿಯಾಜ್."

"ಇಮ್ತಿಯಾಜ್, ಗೊತ್ತಿಲ್ಲ ಅಂತ ಹೇಳೋಕೆ ಬರುತ್ತಾ ನಿನಗೆ?"

"ಬರುತ್ತೆ ಮೇಡಂ."

"ಸಾಕು" ಎಂದು ಮಿಕ್ಕವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಪ್ರಶ್ನೆ ಮುಂದುವರಿಸಲು ಹೇಳಿದರು. ಅವರು ಕೇಳಿದ್ದರಲ್ಲಿ ಅರ್ಧಕ್ಕೆ ನಾನು ಗೊತ್ತಿಲ್ಲ ಎಂದೆ. ಕೆಲಸ ಸಿಕ್ಕಿತು.

ಅವರ ಯಜಮಾನರು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅಧಿಕಾರಿ. ವಾಸ ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ. ಪಲ್ಲವಿ ಎಂಬ ಒಬ್ಬಳೇ ಮಗಳು, ಆಗ ಶಾಲೆಯಲ್ಲಿದ್ದಳು. ಮೇಡಂ ಕೆಲಸಕ್ಕೆ ಬರುತ್ತಿದ್ದದ್ದು ನೌಕರರೆಲ್ಲ ಸೇರಿ ತಿಂಗಳ ಬಾಡಿಗೆಗೆ ಗೊತ್ತು ಮಾಡಿಕೊಂಡಿದ್ದ ಚಾರ್ಟರ್ಡ್ ಬಸ್ಸಿನಲ್ಲಿ. ಆ ಬಸ್ಸಿನಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಸೀಟು. ಹಿಂದೆ ಗಂಡಸರು ಇಸ್ಪೀಟು ಆಡುತ್ತಿದ್ದರು, ಮುಂದೆ ಹೆಂಗಸರು ಉಲ್ಲನ್ ಹೆಣೆಯುತ್ತಿದ್ದರು. ಪಕ್ಕದ ಸೀಟಿನ ಪಂಜಾಬಿ ಗುಮಾಸ್ತೆಯೊಬ್ಬರು ಒಮ್ಮೆ, ನೀವು ಇಡೀ ದಿನ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಮೇಡಂ ಆಕೆಯ ಉಲ್ಲನ್ ಉಂಡೆಯಿಂದ ಒಂದು ಮಾರು ಬಿಡಿಸಿ, ಅಲ್ಲೇ ಮಡಚಿ ಗಂಟು ಹಾಕಿ ತೋರಿಸಿದರು. ಆ ಗಂಟು ಮತ್ತೆ ಬಿಚ್ಚಲಾಗಲಿಲ್ಲ, ಆ ಹೆಂಗಸು ಕತ್ತರಿಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು ಎಂದು ಪ್ರಯೋಗಾಲಯಕ್ಕೆ ಬಂದು ಖುಷಿಯಿಂದ ಹೇಳಿದರು.

ಅವರು ತೋರಿಸಿದ್ದು ಏನು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಜ್ವರ ಬಂದು ಬಿಟ್ಟಾಗ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುವುದನ್ನು ಬಹಳ ಜನ ಕಂಡಿರುತ್ತೀರಿ. ಅದನ್ನು ಎಬ್ಬಿಸುವುದು ಹರ್ಪಿಸ್ ಎಂಬ ವೈರಸ್. ಗುಳ್ಳೆ ಒಣಗಿದರೂ ಅದು ದೇಹ ಬಿಟ್ಟು ಹೋಗುವುದಿಲ್ಲ. ನರಕೋಶದೊಳಗೆ ಸೇರಿ ಮಲಗಿರುತ್ತದೆ, ಮೈ ಸೋತಾಗ ಮತ್ತೆ ಏಳುತ್ತದೆ. ಕೆಲವರಲ್ಲಿ ಕಣ್ಣಿಗೆ ಇಳಿದು ದೃಷ್ಟಿಯನ್ನೇ ಕೆಡಿಸುತ್ತದೆ. ಮೇಡಂ ತಂದೆಯವರ ಒಂದು ಕಣ್ಣು ಹೋದದ್ದು ಹಾಗೆಯೇ.

ಈ ವೈರಸ್ಸಿನ ಬದುಕೆಲ್ಲ ಅದರ ಡಿಎನ್‌ಎಯಲ್ಲಿದೆ. ಡಿಎನ್‌ಎ ಎಂದರೆ ಹೆಣೆದುಕೊಂಡ ಎರಡು ಎಳೆ, ಅದರಲ್ಲಿ ನಾಲ್ಕು ಅಕ್ಷರಗಳ ಬರಹ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ನಾಲ್ಕರಲ್ಲಿ ಒಂದು ಜಿ. ಜಿ ಅಕ್ಷರ ಗುಂಪುಗುಂಪಾಗಿ ಬರುವ ಕಡೆ ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳಬಲ್ಲದು. ನಾಲ್ಕು ಜಿಗಳು ಕೈಕೈ ಹಿಡಿದು ಒಂದು ಚೌಕ, ಅದರ ಮೇಲೆ ಇನ್ನೊಂದು ಚೌಕ, ಹೀಗೆ ಕೂತು ನಾಲ್ಕೆಳೆಯ ಬಿಗಿಯಾದ ಗಂಟಾಗುತ್ತದೆ. ಹರ್ಪಿಸ್ ವೈರಸ್ಸಿನಲ್ಲಿ ಇಂಥ ಜಾಗಗಳು ಬೇಕಾದಷ್ಟಿವೆ. ನೀರಿನಲ್ಲಿ ಪೊಟ್ಯಾಸಿಯಂ ಇದ್ದರೆ ಗಂಟು ಗಟ್ಟಿ. ಅದರ ಬದಲು ಲಿಥಿಯಂ ಹಾಕಿದರೆ ಸಡಿಲ. ನಮ್ಮಲ್ಲಿದ್ದ ಯಂತ್ರ ಬೆಳಕನ್ನು ತಿರುಚಿ ಹಾಯಿಸಿ ಗೆರೆಯೊಂದನ್ನು ಬರೆಯುತ್ತಿತ್ತು. ಗಂಟಿದ್ದರೆ ಗೆರೆ ಗುಡ್ಡದ ಹಾಗೆ ಏಳುತ್ತಿತ್ತು. ಹೊಸದಾಗಿ ಬಂದವರೆಲ್ಲ ಆ ಗುಡ್ಡ ಏಳುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಅವರ ನಿಯಮ. ನಾನು ನೋಡಿದ ದಿನ ಪಕ್ಕದಲ್ಲಿ ನಿಂತು, "ಚೆನ್ನಾಗಿದೆ ಅಲ್ವಾ?" ಎಂದು ಕೇಳಿದರು, ತಾವೇ ಮಾಡಿದ ಅಡುಗೆಯನ್ನು ಬಡಿಸಿ ಕೇಳುವವರ ಹಾಗೆ.

ಆದರೆ ಗಾಜಿನ ಕೊಳವೆಯಲ್ಲಿ ಗಂಟು ಕಂಡರೆ ಸಾಲದು. ಜೀವಂತ ಕೋಶದೊಳಗೆ ವೈರಸ್ಸಿಗೆ ಅದರಿಂದ ಏನಾದರೂ ಕೆಲಸವಿದೆಯೇ? ಇದು ಅವರ ಪ್ರಶ್ನೆ. ವೈರಸ್ಸಿನ ಒಂದು ಮುಖ್ಯ ಜೀನಿನ ಬಾಗಿಲಲ್ಲೇ, ಅಂದರೆ ಆ ಜೀನು ಚಾಲೂ ಆಗುವ ಕಡೆಯಲ್ಲೇ, ಅಂಥ ಗಂಟಿನ ಜಾಗವೊಂದಿತ್ತು. ಅದು ಆ ಜೀನಿಗೆ ಬ್ರೇಕ್ ಇರಬಹುದು ಎಂದು ಅವರು ನಂಬಿದ್ದರು. ಆ ಕಾಲಕ್ಕೆ ನಮ್ಮಲ್ಲಿ ಇದನ್ನು ನಂಬುವವರು ಕಡಿಮೆ. ಒಂದು ಸೆಮಿನಾರಿನಲ್ಲಿ ಹಿರಿಯ ವಿಜ್ಞಾನಿಯೊಬ್ಬರು ಎದ್ದು, "ಪೊಟ್ಯಾಸಿಯಂ ಹಾಕಿದರೆ ಗಂಟಾಗುತ್ತದೆ, ಸರಿ. ನಿಂಬೆಹಣ್ಣು ಹಿಂಡಿದರೆ ಹಾಲೂ ಒಡೆಯುತ್ತದೆ. ಹಾಗೆಂದು ಹಸುವಿನ ಹೊಟ್ಟೆಯಲ್ಲಿ ಪನೀರ್ ಇದೆ ಎನ್ನಬಹುದೇ?" ಎಂದರು. ಸಭೆ ಗೊಳ್ಳೆಂದಿತು. ಮೇಡಂ ತಾವೂ ನಕ್ಕು, "ಅದನ್ನೇ ನಾನು ಪರೀಕ್ಷೆ ಮಾಡುತ್ತಿರುವುದು" ಎಂದು ಮುಂದಿನ ಸ್ಲೈಡಿಗೆ ಹೋದರು. ಆಚೆ ಬಂದ ಮೇಲೆ ನನಗೆ ಕನ್ನಡದಲ್ಲಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ಪರೀಕ್ಷೆಯ ಮುಖ್ಯ ಕೆಲಸ ಸುನೀತಾಳದ್ದು. ಅವಳು ರೋಹ್ತಕ್ ಹತ್ತಿರದ ಹಳ್ಳಿಯವಳು, ಅವರ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ತಂದೆ ಸೈನ್ಯದಿಂದ ನಿವೃತ್ತರಾದವರು. ಆ ವರ್ಷ ಡಿಗ್ರಿ ಮುಗಿಯದಿದ್ದರೆ ಮದುವೆ ಮಾಡಿ ಕಳಿಸಿಬಿಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವಳು ಆ ಜೀನಿನ ಬಾಗಿಲಿಗೆ ಮಿಣುಕುಹುಳದ ಬೆಳಕು ಕೊಡುವ ಜೀನನ್ನು ಜೋಡಿಸಿದಳು. ಜೀನು ಎಷ್ಟು ಚುರುಕಾಗಿ ನಡೆಯುತ್ತದೋ ಕೋಶ ಅಷ್ಟು ಬೆಳಗುತ್ತದೆ. ಆಮೇಲೆ ಕೆಲವು ಅಕ್ಷರ ಬದಲಿಸಿ ಗಂಟು ಕಟ್ಟದ ಹಾಗೆ ಮಾಡಿದಳು. ಬೆಳಕು ಹಲವು ಪಟ್ಟು ಏರಿತು. ಗಂಟು ಹೋದರೆ ಬ್ರೇಕ್ ಹೋದಂತೆ. ಎಷ್ಟು ಸಲ ಮಾಡಿದರೂ ಅದೇ ಫಲಿತಾಂಶ.

ಲೇಖನ ಬರೆದು ಹೊರದೇಶದ ಒಳ್ಳೆಯ ಪತ್ರಿಕೆಯೊಂದಕ್ಕೆ ಕಳಿಸಿದರು. ಒಪ್ಪಿಗೆಯೂ ಬಂತು. ಅಂದು ಮೇಡಂ ಮನೆಯಿಂದ ಬಿಸಿಬೇಳೆಬಾತ್ ಮಾಡಿಸಿ ತಂದರು. ಸುನೀತಾ ಅದನ್ನು 'ದಕ್ಷಿಣದ ಖಿಚಡಿ' ಎಂದು ಕರೆದು ಎರಡು ಸಲ ಹಾಕಿಸಿಕೊಂಡಳು. ಆ ಲೇಖನ ಇಬ್ಬರಿಗೂ ಬೇಕಾಗಿತ್ತು. ನಮ್ಮ ಸಂಸ್ಥೆಯಲ್ಲಿ ಥೀಸಿಸ್ ಕೊಡಲು ಒಪ್ಪಿಗೆಯಾದ ಲೇಖನ ಒಂದಾದರೂ ಇರಬೇಕು. ಮೇಡಂಗೂ ವರ್ಷಗಳಿಂದ ತಡೆದಿದ್ದ ಬಡ್ತಿಯ ಸಂದರ್ಶನ ಹತ್ತಿರದಲ್ಲೇ ಇತ್ತು.

ಅದಾದ ಕೆಲವು ದಿನಕ್ಕೆ ಮೇಡಂ ನನ್ನನ್ನು ಕರೆದರು. ಮುಖ ಬಾಡಿತ್ತು, ತುಟಿಯಂಚಿನಲ್ಲಿ ಅದೇ ಗುಳ್ಳೆ ಎದ್ದಿತ್ತು.

"ಸುನೀತಾ ಗಂಟು ಬಿಚ್ಚೋಕೆ ಅಕ್ಷರ ಬದಲಿಸಿದಳಲ್ಲ, ಆ ಬದಲಿಸಿದ ಜಾಗದಲ್ಲಿ ಬೇರೆ ಯಾವುದೋ ಪ್ರೋಟೀನ್ ಬಂದು ಕೂತ್ಕೊಳ್ಳೋಕೆ ನಾವೇ ಸೀಟು ಮಾಡಿಕೊಟ್ಟಿರಬಹುದು. ಬೆಳಕು ಏರಿದ್ದು ಅದರಿಂದ ಯಾಕಾಗಿರಬಾರದು?"

"ಪತ್ರಿಕೆಯವರು ಇದನ್ನ ಕೇಳಲಿಲ್ಲವಲ್ಲ ಮೇಡಂ."

"ನಾನು ಕೇಳ್ತಿದೀನಿ. ನೀನು ಬೇರೆ ಅಕ್ಷರ ಬದಲಿಸಿ ಅದೇ ಗಂಟನ್ನ ಬಿಚ್ಚು. ಬ್ರೇಕ್ ಅನ್ನೋದು ನಿಜ ಆದ್ರೆ ಆಗಲೂ ಬೆಳಕು ಏರಬೇಕು."

ನಾನು ಮಾಡಿದೆ. ಯಂತ್ರದಲ್ಲಿ ನೋಡಿದರೆ ಗುಡ್ಡವಿಲ್ಲ, ಗಂಟು ಪೂರ್ತಿ ಬಿಚ್ಚಿತ್ತು. ಬೆಳಕು ಮಾತ್ರ ಇದ್ದ ಹಾಗೇ ಇತ್ತು. ನಾನು ಹೊಸಬ, ಕೈ ತಪ್ಪಿರಬಹುದು ಎಂದು ಸುನೀತಾ ತಾನೇ ಮಾಡಿದಳು. ಬೆಳಕು ಏರಲಿಲ್ಲ. ಹಾಗಾದರೆ ಗಂಟು ಅಲ್ಲಿ ಬ್ರೇಕ್ ಆಗಿರಲಿಲ್ಲ. ನಮ್ಮ ಲೇಖನದ ಶೀರ್ಷಿಕೆಯೇ ಸುಳ್ಳಾಗಿತ್ತು.

ಮರುದಿನ ಬೆಳಿಗ್ಗೆ ಮೇಡಂ ಸ್ವೆಟರಿನ ತೋಳು ಮಡಚಿ ಕಂಪ್ಯೂಟರಿನ ಮುಂದೆ ಕೂತು, ಲೇಖನ ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದು ಪತ್ರಿಕೆಗೆ ಬರೆದರು. ಕಳಿಸುವ ಮುಂಚೆ ಸುನೀತಾಳನ್ನು ಕರೆದು ಓದಿಸಿದರು. ಅವಳು ಓದಿ ಮುಗಿಸಿ ಒಂದೇ ಮಾತು ಹೇಳಿದಳು: "ಮೇಡಂ, ಆಪ್ ತೋ ಪರ್ಮನೆಂಟ್ ಹೋ." ನಿಮ್ಮ ಕೆಲಸವೇನೂ ಹೋಗುವುದಿಲ್ಲ ಎಂದು. ಮೇಡಂ ಪತ್ರ ಕಳಿಸಿದರು. ಕನ್ನಡಕ್ಕೆ ಮಾತ್ರ ಇಳಿಯಲಿಲ್ಲ. ಸುನೀತಾ ಚೀಲ ತೆಗೆದುಕೊಂಡು ಊರಿಗೆ ಹೊರಟುಹೋದಳು.

ವಾರ ಕಳೆದರೂ ಅವಳು ಬರಲಿಲ್ಲ, ಫೋನೂ ಎತ್ತಲಿಲ್ಲ. ಒಂದು ಭಾನುವಾರ ಮೇಡಂ ನನಗೆ ಅಂತರರಾಜ್ಯ ಬಸ್ ನಿಲ್ದಾಣಕ್ಕೆ ಬರಲು ಹೇಳಿದರು. "ನನ್ನ ಹಿಂದಿ ಅವರ ಹಳ್ಳಿಯಲ್ಲಿ ನಡೆಯಲ್ಲ, ನೀನು ಇರು" ಎಂದರು. ನನ್ನ ಹಿಂದಿ ಅದಕ್ಕಿಂತ ಕೆಟ್ಟದ್ದು ಎಂದು ನೆನಪಿಸಿದೆ. "ಇಬ್ಬರದ್ದೂ ಸೇರಿದರೆ ಒಂದಾಗುತ್ತೆ, ನಡಿ" ಎಂದರು.

ಹರಿಯಾಣದ ಸರ್ಕಾರಿ ಬಸ್ಸಿನಲ್ಲಿ ಹೋದೆವು. ದಾರಿಯ ಎರಡೂ ಕಡೆ ಸಾಸಿವೆ ಹೂಬಿಟ್ಟಿತ್ತು. ಮೇಡಂ ಅದರ ಕಡೆ ನೋಡಲಿಲ್ಲ. ತುಟಿ ಅಲುಗಿಸುತ್ತ ಏನನ್ನೋ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಹಳ್ಳಿಯಲ್ಲಿ ಮನೆ ಕೇಳಿಕೊಂಡು ಹೋದಾಗ ಸುನೀತಾಳ ತಂದೆ ಅಂಗಳದಲ್ಲಿ ಹುರಿಮಂಚದ ಮೇಲೆ ಕೂತಿದ್ದರು. ಎದ್ದು ನಮಸ್ಕರಿಸಿ ನಮಗೆ ಕುರ್ಚಿ ಹಾಕಿಸಿದರು. ತಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಿಸಿ ಹಾಲು ತಂದುಕೊಟ್ಟರು. ಸುನೀತಾ ಬಾಗಿಲ ಹಿಂದೆ ನಿಂತಿದ್ದಳು. ಅವಳ ಓಢಣಿಯ ಅಂಚು ಕಾಣುತ್ತಿತ್ತು.

ಮೇಡಂ ಹಾಲಿನ ಲೋಟವನ್ನು ಕೆಳಗಿಟ್ಟು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಹೇಳಿದರು: "ಗಲ್ತೀ ಮೇರಾ ಹೈ." ತಪ್ಪು ನನ್ನದು ಎಂದು. ಮೇರೀ ಎನ್ನಬೇಕಿತ್ತು. ತಪ್ಪು ಹಿಂದಿಯೇ ಆದರೂ ತಪ್ಪು ಯಾರದು ಎಂಬುದು ಅಂಗಳದಲ್ಲಿದ್ದವರಿಗೆಲ್ಲ ಅರ್ಥವಾಯಿತು. ನಿಮ್ಮ ಮಗಳು ನಾನು ಹೇಳಿದ್ದನ್ನೇ ಸರಿಯಾಗಿ ಮಾಡಿದಳು, ನಾನು ಯೋಚಿಸಿದ್ದು ತಪ್ಪಾಯಿತು, ಎಂದು ಉಳಿದದ್ದನ್ನು ಬಿಡಿಸಿ ಹೇಳಿದರು. ಎಲ್ಲಿ ಪದ ಸಿಗದೆ ತಡವರಿಸಿದರೋ ಅಲ್ಲಿ ನಾನು ತುಂಬಿದೆ.

ತಂದೆ ಎಲ್ಲವನ್ನೂ ಕೇಳಿ, "ತಪ್ಪು ನಿಮ್ಮದಾದರೆ ಶಿಕ್ಷೆ ಇವಳಿಗೆ ಯಾಕೆ ಮೇಡಂ ಜೀ?" ಎಂದರು.

"ಆಗಬಾರದು ಅಂತಲೇ ಬಂದಿದ್ದೇನೆ. ಒಂದು ವರ್ಷ ಕೊಡಿ. ಇವಳ ಕೆಲಸದಲ್ಲಿ ನಿಜವಾದದ್ದೂ ಬಹಳ ಇದೆ. ಅದನ್ನೇ ಬರೆದು ಡಿಗ್ರಿ ಕೊಡಿಸುತ್ತೇನೆ."

"ಆ ತಪ್ಪು ಬೇರೆ ಯಾರಿಗಾದರೂ ಗೊತ್ತಾಗಿತ್ತೇ?"

"ಇಲ್ಲ."

"ಮತ್ತೆ ಯಾಕೆ ಹೇಳಿದಿರಿ?"

ಈ ಪ್ರಶ್ನೆಗೆ ಅವರು ತಯಾರಾಗಿ ಬಂದಿರಲಿಲ್ಲ. "ನಮ್ಮ ತಂದೆಗೆ ಈ ರೋಗದಿಂದ ಒಂದು ಕಣ್ಣು ಹೋಯಿತು. ನಾವು ಬರೆದದ್ದನ್ನು ನಂಬಿ ಯಾರಾದರೂ ಅಲ್ಲೇ ಔಷಧಿ ಹುಡುಕುತ್ತ ಕೂರುತ್ತಾರೆ. ಅಲ್ಲಿ ಏನೂ ಇಲ್ಲ ಅಂತ ನಮಗೆ ಗೊತ್ತಿರುತ್ತದೆ, ಅವರಿಗೆ ಗೊತ್ತಿರುವುದಿಲ್ಲ" ಎಂದರು.

ಆ ಮನುಷ್ಯ ಹುರಿಮಂಚದಿಂದ ಎದ್ದರು. ಒಳಗೆ ತಿರುಗಿ, "ಸುನೀತಾ, ಮೇಡಂಗೆ ಊಟಕ್ಕೆ ಹಾಕು" ಎಂದರು. ಊಟವಾದ ಮೇಲೆ, ನಾವು ಹೊರಡುವಾಗ ಹೇಳಿದರು: "ಒಂದು ವರ್ಷ. ಅದಕ್ಕಿಂತ ಹೆಚ್ಚಾದರೆ ಇವಳ ತಾಯಿ ಕೇಳುವುದಿಲ್ಲ." ಸುನೀತಾ ಮರುವಾರ ವಾಪಸಾದಳು. ತಿಂಗಳವರೆಗೂ ಮೇಡಂ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಮೇಡಂ ಅದನ್ನು ಸಹಿಸಿಕೊಂಡರು.

ಬಡ್ತಿಯ ಸಂದರ್ಶನಕ್ಕೆ ಆ ಲೇಖನವಿಲ್ಲದೆಯೇ ಹೋದರು. ಹಿಂತೆಗೆದುಕೊಂಡದ್ದು ಸಮಿತಿಗೆ ಗೊತ್ತಿತ್ತು. ಅವರಿಗಿಂತ ಚಿಕ್ಕವರೊಬ್ಬರಿಗೆ ಬಡ್ತಿ ಸಿಕ್ಕಿತು. ಮೇಡಂ ಆ ವ್ಯಕ್ತಿಯ ಕೋಣೆಗೆ ಹೋಗಿ ಅಭಿನಂದಿಸಿ, ಬಂದು, ಸುನೀತಾಳ ಥೀಸಿಸ್ಸಿನ ಮೂರನೇ ಅಧ್ಯಾಯ ತಿದ್ದಲು ಕೂತರು. ಆ ತಿದ್ದುವಿಕೆ ಭಯಂಕರವಾದದ್ದು. 'ಸಾಬೀತಾಗಿದೆ' ಎಂದು ಬರೆದ ಕಡೆಯೆಲ್ಲ ಹೊಡೆದುಹಾಕಿ 'ಕಂಡುಬಂದಿದೆ' ಎಂದು ಮಾಡಿದರು. ಗಂಟು ಎಲ್ಲಿ ಕಟ್ಟುತ್ತದೆ, ಎಷ್ಟು ಬಿಸಿಗೆ ಬಿಚ್ಚುತ್ತದೆ, ಯಾವ ಉಪ್ಪಿನಲ್ಲಿ ನಿಲ್ಲುತ್ತದೆ ಎಂಬ ಭಾಗವನ್ನು ಬೇರೆ ಮಾಡಿ ಚಿಕ್ಕ ಲೇಖನವಾಗಿ ಬರೆಸಿದರು. ಅದು ಸಣ್ಣ ಪತ್ರಿಕೆಯೊಂದರಲ್ಲಿ ಬಂತು. ಬ್ರೇಕ್ ಅಲ್ಲ ಎಂದು ತೋರಿಸಿದ ಪ್ರಯೋಗವನ್ನೂ ಥೀಸಿಸ್ಸಿನಲ್ಲಿ ಒಂದು ಅಧ್ಯಾಯವಾಗಿ ಸೇರಿಸಿದರು. "ಇಲ್ಲ ಅನ್ನೋದೂ ಒಂದು ಉತ್ತರವೇ. ಅದಕ್ಕೂ ಅಷ್ಟೇ ಕಷ್ಟಪಟ್ಟಿರುತ್ತೀವಿ" ಎಂದು ಸಮಿತಿಯಲ್ಲಿ ವಾದಿಸಿದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಪ್ರಶ್ನೆ ಕೇಳಿದ್ದು ಆ ಅಧ್ಯಾಯದ ಮೇಲೆಯೇ. ವರ್ಷ ತುಂಬುವ ಮುಂಚೆ ಸುನೀತಾ ಡಾಕ್ಟರ್ ಆದಳು. ಅವಳ ತಂದೆ ಊರಿನಿಂದ ತುಪ್ಪದ ಡಬ್ಬಿ ಹೊತ್ತು ತಂದು ಮೇಡಂ ಮೇಜಿನ ಮೇಲಿಟ್ಟರು. ಅಂದು ಸುನೀತಾ ಮೇಡಂ ಅವರ ಸ್ವೆಟರಿಗೆ ಮುಖ ಒತ್ತಿಕೊಂಡು ಅತ್ತಳು.

ನನ್ನ ಥೀಸಿಸ್ಸೂ ಮುಗಿಯಿತು. ಆಮೇಲೆ ಅವರ ಜೊತೆ ಉಳಿದದ್ದು ಹಬ್ಬಗಳ ನಂಟು. ಈದ್‌ಗೆ ಅವರ ಫೋನು ಬರುತ್ತಿತ್ತು, ಯುಗಾದಿಗೆ ನಾನು ಮಾಡುತ್ತಿದ್ದೆ. ಬಡ್ತಿ ಕೊನೆಗೂ ಬಂತು, ನಿವೃತ್ತಿಗೆ ಸ್ವಲ್ಪ ಮುಂಚೆ. ಕ್ವಾರ್ಟರ್ಸ್ ಬಿಟ್ಟು ದ್ವಾರಕಾದಲ್ಲಿ ಫ್ಲ್ಯಾಟ್ ಮಾಡಿಕೊಂಡರು.

ತಿಥಿಯ ಮರುದಿನ ಸುನೀತಾ ಮತ್ತು ನಾನು ಆ ಫ್ಲ್ಯಾಟಿಗೆ ಹೋದೆವು. ಸುನೀತಾ ಈಗ ಹಿಸಾರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಪಲ್ಲವಿ ಗುರುಗ್ರಾಮದ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ಅವಳೇ ಚಹಾ ತಂದಳು, ಎದುರಿಗೆ ಕೂತಳು.

"ಅಣ್ಣ, ಒಂದು ಕೇಳ್ಲಾ? ಅಮ್ಮ ಮನೇಲಿ ಕೆಲಸದ್ದು ಏನೂ ಹೇಳ್ತಿರಲಿಲ್ಲ. ಬಸ್, ವೈರಸ್, ಗಂಟು, ಇಷ್ಟೇ ನನಗೆ ಗೊತ್ತು. ಅಮ್ಮ ಹೇಳಿದ್ದು ಸಹೀ ಥಾ ಕ್ಯಾ? ಆ ಗಂಟು ಸಚ್ ಮೇ ಇದೆಯಾ?"

ಅಂಥ ಗಂಟುಗಳನ್ನು ಕೋಶದೊಳಗೇ ಹಿಡಿದು ಬೆಳಗಿಸಿ ತೋರಿಸುವ ಸಾಧನಗಳು ಈಚೆಗೆ ಬಂದಿವೆ, ಹರ್ಪಿಸ್ ತಗುಲಿದ ಕೋಶಗಳಲ್ಲಿ ವೈರಸ್ ಹೆಚ್ಚಿದಂತೆ ಗಂಟುಗಳೂ ಹೆಚ್ಚುವುದನ್ನು ಬೇರೆ ದೇಶದವರು ಕಂಡಿದ್ದಾರೆ ಎಂದು ನಾನು ಹೇಳಿದೆ. "ಗಂಟು ಇದೆ, ಪಲ್ಲವಿ. ಆ ಒಂದು ಜೀನಿನ ಬಾಗಿಲಲ್ಲಿ ಅದು ಬ್ರೇಕ್ ಅಂದುಕೊಂಡಿದ್ದರು, ಅದು ಮಾತ್ರ ತಪ್ಪು. ತಪ್ಪು ಅಂತ ಮೊದಲು ಹೇಳಿದವರೂ ಅವರೇ." ಲೇಖನ ಹಿಂತೆಗೆದುಕೊಂಡ ಕತೆಯನ್ನು ಸುನೀತಾ ಹಿಂದಿಯಲ್ಲಿ ಪೂರ್ತಿ ಹೇಳಿದಳು, ತಾನು ಆಡಿದ ಮಾತನ್ನೂ ಬಿಡದೆ.

ಪಲ್ಲವಿಗೆ ಆಶ್ಚರ್ಯವಾಯಿತು. "ಅಮ್ಮ ತಪ್ಪು ಒಪ್ಪಿಕೊಂಡ್ರಾ? ಮನೇಲಿ ಒಂದು ದಿನಾನೂ ಒಪ್ಪಿಲ್ಲ" ಎಂದಳು. ಸುನೀತಾ ಕಣ್ಣೊರೆಸಿಕೊಂಡು ನಕ್ಕಳು. ನನಗೂ ನಗು ಬಂತು.

ಅದುವರೆಗೆ ಮೂಲೆಯ ಕುರ್ಚಿಯಲ್ಲಿ ಮಾತಿಲ್ಲದೆ ಕೂತಿದ್ದ ಯಜಮಾನರು ಆಗ ಬಾಯಿ ಬಿಟ್ಟರು.

"ಆ ಅನುಮಾನ ಅವಳಿಗೆ ಬಂದಾಗ ಮೊದಲು ಹೇಳಿದ್ದು ನನ್ನ ಹತ್ತಿರ. ಈಗ ಬೇಡ, ಇಂಟರ್‌ವ್ಯೂ ಮುಗೀಲಿ, ಆಮೇಲೆ ಆ ಪರೀಕ್ಷೆ ಮಾಡಿಸು ಅಂದೆ. ಆ ಹುಡುಗಿದೂ ಡಿಗ್ರಿ ಆಗಿಬಿಡುತ್ತೆ, ಯಾರಿಗೇನು ನಷ್ಟ ಅಂದೆ. ಅವತ್ತಿಂದ ಕೆಲವು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ."

ಚಹಾದ ಲೋಟವನ್ನು ಪಕ್ಕಕ್ಕಿಟ್ಟರು.

"ನಾನು ಜೀವಮಾನವೆಲ್ಲ ಸರ್ಕಾರಿ ಕಚೇರಿಯಲ್ಲಿ ಕಳೆದವನು. ಒಂದು ಫೈಲನ್ನ ನಾಲ್ಕು ದಿನ ಮೇಜಿನ ಮೇಲೆ ಇಟ್ಕೊಳ್ಳೋದು ನಮಗೆ ಸುಳ್ಳು ಅನ್ನಿಸಲ್ಲಪ್ಪ. ಅವಳಿಗೆ ಅನ್ನಿಸಿತು."